6 ವೋಲ್ಟ್ ಫಾರ್ಗೋ ಲಾರಿ: ಬಿಸಿಯಾದ ಮೇಲೆ ಸೆಲ್ಫ್ ತಗೊಳ್ಳುತ್ತಿಲ್ಲ, ಕಿಡಿಯೂ ಮಂದ. 12 ವೋಲ್ಟ್ ಮಾಡಲೇಬೇಕಾ?

ಅಮರಗೋಳ ಫಾರ್ಗೋ
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಹತ್ತಿ, ಮೆಣಸಿನಕಾಯಿ ಹೇರುತ್ತಿದ್ದ ಫಾರ್ಗೋ ಲಾರಿಯನ್ನು ಮತ್ತೆ ರಸ್ತೆಗೆ ಇಳಿಸುವ ಕೆಲಸ ನಡೆದಿದೆ. 1951ರ ಗಾಡಿ. ಪೆಟ್ರೋಲ್, 6 ಸಿಲಿಂಡರ್, ಸೈಡ್ ವಾಲ್ವ್ ಎಂಜಿನ್. 6 ವೋಲ್ಟ್, ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ಚಾಸಿಗೆ. ಸೆಲ್ಫ್‌ಗೆ ಕೀಲಿಯೂ ಇಲ್ಲ, ಬಟನ್ನೂ ಇಲ್ಲ. ಕಾಲಲ್ಲಿ ಪೆಡಲ್ ತುಳಿಯಬೇಕು.

ಎಂಜಿನ್ ಬೋರ್ ಆಗಿದೆ, ಹೊಸ ರಿಂಗ್ ಬಿದ್ದಿದೆ. ಚಾಸಿಯಿಂದ ಕ್ಯಾಬಿನ್ ತನಕ ಪೇಂಟ್ ಮುಗಿದಿದೆ. ಬ್ಯಾಟರಿ ಹೊಸದು. ಈಗ ತೊಂದರೆ ಹೀಗಿದೆ: ಬೆಳಿಗ್ಗೆ ತುಳಿದರೆ ನಿಧಾನಕ್ಕೆ ತಿರುಗುತ್ತದೆ, ಸ್ವಲ್ಪ ಸತಾಯಿಸಿ ಸ್ಟಾರ್ಟ್ ಆಗುತ್ತದೆ. ರಾಯಾಪುರದ ತನಕ ಓಡಿಸಿ ಬಂದು ನಿಲ್ಲಿಸಿದರೆ ಮುಗಿಯಿತು. ಒಂದು ಸಲ ಮುಲುಗಿ ನಿಂತುಬಿಡುತ್ತದೆ. ಪ್ಲಗ್ ಬಿಚ್ಚಿ ಬ್ಲಾಕ್‌ಗೆ ತಾಗಿಸಿ ಸೆಲ್ಫ್ ಹೊಡೆದರೆ ಕಿಡಿ ಹಳದಿ, ಸಣ್ಣದು.

ಒಬ್ಬ ಎಲೆಕ್ಟ್ರಿಷಿಯನ್ ಆರ್ಮೇಚರ್ (ಸೆಲ್ಫ್ ಒಳಗೆ ತಿರುಗುವ ಭಾಗ) ರಿವೈಂಡಿಂಗ್ ಅಂದರು. ಇನ್ನೊಬ್ಬರು 12 ವೋಲ್ಟ್ ಮಾಡಿಬಿಡಿ ಅಂದರು. ಗಾಡಿ ಮೊದಲು ಹೇಗಿತ್ತೋ ಹಾಗೇ ಇರಬೇಕು ಅನ್ನುವುದು ನನ್ನ ಆಸೆ. ಬಲ್ಲವರು ಹೇಳಿ.

ಗಬ್ಬೂರು ಬೈಪಾಸ್
12 ವೋಲ್ಟ್ ಮಾಡಿ ಮುಗಿಸಿ. 6 ವೋಲ್ಟ್ ಬ್ಯಾಟರಿ ದಾರಿಯಲ್ಲಿ ಕೈಕೊಟ್ಟರೆ ಎಲ್ಲಿ ತರುತ್ತೀರಿ? 12 ಆದರೆ ಯಾವ ಧಾಬಾ ಮುಂದೆ ನಿಂತರೂ ಯಾರದೋ ಲಾರಿಯಿಂದ ಜಂಪ್ ಮಾಡಿಕೊಳ್ಳಬಹುದು.

ಬೆಟಗೇರಿ ಡೈನಮೋ
ಗಬ್ಬೂರು ಅಣ್ಣಾ, ಇಷ್ಟು ಬೇಗ 12ಕ್ಕೆ ಹಾರಬೇಡಿ. ಈ ಗಾಡಿಗಳು 6 ವೋಲ್ಟ್‌ನಲ್ಲೇ ದಶಕಗಟ್ಟಲೆ ಲೋಡ್ ಎಳೆದಿವೆ. ಹೊಸದಿದ್ದಾಗ ಬೇಸಿಗೆಯಲ್ಲೂ ತುಳಿದ ತಕ್ಷಣ ಎದ್ದಿವೆ. ಅಂದರೆ ಡಿಸೈನ್‌ನಲ್ಲಿ ದೋಷವಿಲ್ಲ, ಮಧ್ಯೆ ಎಲ್ಲೋ ವೋಲ್ಟ್ ಸೋರುತ್ತಿದೆ.

ಅಮರಗೋಳ ಸರ್, ಯಾವ ಪಾರ್ಟನ್ನೂ ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನ ತಂತಿ ಕಿತ್ತು ಬ್ಲಾಕ್‌ಗೆ ಅರ್ಥ್ ಮಾಡಿ, ಆಗ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಆಮೇಲೆ ಒಬ್ಬರು ಪೆಡಲ್ ತುಳಿದು ಹಿಡಿಯಲಿ, ನೀವು ಅಳೆಯಿರಿ.

ಮೊದಲು ಬ್ಯಾಟರಿಯ ಎರಡು ಕಂಬಗಳ ಮಧ್ಯೆ. ಆಮೇಲೆ ನೆಗೆಟಿವ್ ಕಂಬದಿಂದ ಸೆಲ್ಫ್ ಮೇಲಿನ ಬೋಲ್ಟ್‌ಗೆ. ಕೊನೆಗೆ ಪಾಸಿಟಿವ್ ಕಂಬದಿಂದ ಸೆಲ್ಫ್ ಬಾಡಿಗೆ. ಮೀಟರ್ ಮುಳ್ಳನ್ನು ಸೀಸದ ಕಂಬಕ್ಕೇ ಚುಚ್ಚಿ, ಕ್ಲಾಂಪಿಗೆ ಬೇಡ. ಕಂಬಕ್ಕೂ ಕ್ಲಾಂಪಿಗೂ ನಡುವೆಯೇ ತುಕ್ಕು ಕೂತಿದ್ದರೆ ಅದೂ ಲೆಕ್ಕಕ್ಕೆ ಸಿಗಬೇಕು. ಎರಡನೇ, ಮೂರನೇ ಅಳತೆ 0.2 ವೋಲ್ಟ್ ಆಸುಪಾಸಿನಲ್ಲಿದ್ದರೆ ಸರಿ. ಜಾಸ್ತಿ ಬಂದರೆ ಕಳ್ಳ ಅಲ್ಲೇ ಇದ್ದಾನೆ.

ಶಿಗ್ಗಾವಿ ಜೀಪಕ್ಕ
ಬೆಟಗೇರಿ ಅಣ್ಣನ ಮಾತಿಗೆ ಲೆಕ್ಕ ಸೇರಿಸುತ್ತೇನೆ. ನಾನು ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವವಳು, ಮನೆಯಲ್ಲಿ 6 ವೋಲ್ಟ್ ಜೀಪ್ ಇದೆ.

ಸೆಲ್ಫ್‌ಗೆ ಬೇಕಾದ ಶಕ್ತಿ ಅಷ್ಟೇ, ವೋಲ್ಟೇಜ್ ಅರ್ಧ. ಹಾಗಾಗಿ ಆಂಪಿಯರ್ ಎರಡು ಪಟ್ಟು. ಅದೇ ತಂತಿಯಲ್ಲಿ ಎರಡು ಪಟ್ಟು ಆಂಪಿಯರ್ ಹರಿದರೆ ದಾರಿಯಲ್ಲಿ ಕಳೆಯುವ ವೋಲ್ಟೂ ಎರಡು ಪಟ್ಟು. ಇರುವುದೇ ಅರ್ಧ, ಕಳೆಯುವುದು ಎರಡು ಪಟ್ಟು. ಶೇಕಡಾ ಲೆಕ್ಕದಲ್ಲಿ ನಷ್ಟ ನಾಲ್ಕು ಪಟ್ಟಾಯಿತು. ಇವತ್ತಿನ ಕಾರಿಗೆ ಹಾಕುವ 16 ಸ್ಕ್ವೇರ್ ಎಂಎಂ ಕೇಬಲ್ 2 ಮೀಟರ್ ಹಾಕಿ 200 ಆಂಪಿಯರ್ ಎಳೆದರೆ ಹತ್ತಿರ ಹತ್ತಿರ ಅರ್ಧ ವೋಲ್ಟ್ ತಂತಿಯಲ್ಲೇ ಹೋಯಿತು. 50 ಸ್ಕ್ವೇರ್ ಎಂಎಂ ಆದರೆ 0.15 ಅಷ್ಟೇ.

ಸರ್, ನಿಮ್ಮ ಕೇಬಲ್ ಎಷ್ಟು ದಪ್ಪ ಇದೆ? ಮೇಲಿನ ರಬ್ಬರ್ ನೋಡಿ ಹೇಳಬೇಡಿ, ಒಳಗಿನ ತಾಮ್ರ ನೋಡಿ.

ಅಮರಗೋಳ ಫಾರ್ಗೋ
ಅಕ್ಕಾವ್ರೆ, ಹಳೆ ಕೇಬಲ್ ಗೆದ್ದಲು ತಿಂದ ಹಾಗೆ ಆಗಿತ್ತು. ವೈರಿಂಗ್ ಮಾಡಿದವರು ಅಂಗಡಿಯಿಂದ ರೆಡಿಮೇಡ್ ಕಾರಿನ ಕೇಬಲ್ ತಂದು ಹಾಕಿದ್ದಾರೆ. ಒಳಗಿನ ತಾಮ್ರ ಪೆನ್ಸಿಲ್‌ಗಿಂತ ಸಣ್ಣ. ಭಾನುವಾರ ಮೀಟರ್ ಹಿಡಿದು ನೋಡುತ್ತೇನೆ.

ಬ್ಯಾಡಗಿ ಲೋಡ್
ಇಷ್ಟೆಲ್ಲಾ ಯಾಕೆ ರೀ? ಪರ್ಕಿನ್ಸ್ ಡೀಸೆಲ್ ಕೂರಿಸಿ. ಕಿಡಿಯ ರಗಳೆಯೇ ಇಲ್ಲ: ಪ್ಲಗ್ ಇಲ್ಲ, ಪಾಯಿಂಟ್ ಇಲ್ಲ, ಕಾಯಿಲ್ ಇಲ್ಲ. ಮದ್ರಾಸಿನ ಸಿಂಪ್ಸನ್ ಕಂಪನಿ ಮಾಡಿದ ಪರ್ಕಿನ್ಸ್ ಪಿ6 ಎಂಜಿನ್ ಎಷ್ಟು ಡಾಡ್ಜ್, ಫಾರ್ಗೋ ಹೊಟ್ಟೆಗೆ ಹೋಗಿಲ್ಲ ಹೇಳಿ? ನಮ್ಮ ಕಡೆ ಪೆಟ್ರೋಲ್ ಲಾರಿ ಉಳಿದದ್ದೇ ಅಪರೂಪ.

ಬೆಟಗೇರಿ ಡೈನಮೋ
ಉಳಿದದ್ದು ಅಪರೂಪ ಅಂತಲೇ ಉಳಿಸಬೇಕು ಅಲ್ವಾ? ಪೆಟ್ರೋಲ್ ಎಂಜಿನ್ ಸಮೇತ ಸಿಕ್ಕಿರುವ ಗಾಡಿಗೆ ಡೀಸೆಲ್ ಹಾಕುವ ಮಾತು ಆಡಬೇಡಿ. ಅದೂ ಅಲ್ಲದೆ ಪಿ6ಗೆ ಸೆಲ್ಫ್ ಇನ್ನೂ ದೊಡ್ಡದು ಬೇಕು. ಕಂಪ್ರೆಷನ್ ಎಷ್ಟು ಜಾಸ್ತಿ ಗೊತ್ತಲ್ಲ. ಕೇಬಲ್ ಸಮಸ್ಯೆ ಹಾಗೇ ಇರುತ್ತದೆ.

ಬ್ಯಾಡಗಿ ಲೋಡ್
ಆಯ್ತು, ಮ್ಯೂಸಿಯಂನಲ್ಲಿ ಇಡುವುದಾದರೆ ಪೆಟ್ರೋಲ್ ಇರಲಿ. ದುಡಿಸುವುದಾದರೆ ನನ್ನ ಮಾತು ಅದೇ.

ಕುಂದಗೋಳ ಕಾಕಾ
ತಮ್ಮಾ, ಒಂದು ಪ್ರಶ್ನೆ. ಹ್ಯಾಂಡಲ್ ಹೊಡೆದಾಗ ಕಿಡಿ ಹೇಗಿದೆ? ಸೆಲ್ಫ್ ಮುಟ್ಟದೆ, ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿ ನೋಡು.

ನಾನು ಹುಬ್ಬಳ್ಳಿ–ಕಾರವಾರ ಲೈನಿನಲ್ಲಿ ಕ್ಲೀನರ್ ಆಗಿ ಶುರು ಮಾಡಿದವನು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವುದು. ರಾತ್ರಿ ಎಲ್ಲಿ ನಿಂತರೂ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದೆವು. ಹಿಂದಿನ ಗಾಲಿಗೆ ಕಲ್ಲು. ಬೆಳಿಗ್ಗೆ ಕಲ್ಲು ತೆಗೆದು, ಎರಡನೇ ಗೇರ್‌ನಲ್ಲಿ ಕ್ಲಚ್ ಬಿಟ್ಟರೆ ಗಾಡಿ ಎದ್ದಂತೆ. ಬಯಲಲ್ಲಿ ನಿಂತರೆ ಹ್ಯಾಂಡಲ್ ಕೆಲಸ ಕ್ಲೀನರ್‌ನದು. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಟ್ಟು ಹಿಡಿಯಬೇಕು, ಸುತ್ತಿ ಹಿಡಿಯಬಾರದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಒತ್ತಬಾರದು. ಎಂಜಿನ್ ಉಲ್ಟಾ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಮುರಿದುಕೊಂಡವರನ್ನು ನೋಡಿದ್ದೇನೆ. ಪ್ಲಗ್ ಎಲ್ಲಾ ಬಿಚ್ಚಿ ತಿರುಗಿಸು, ಹಗುರ ಇರುತ್ತದೆ.

ಅಮರಗೋಳ ಫಾರ್ಗೋ
ಕಾಕಾ, ಈಗಷ್ಟೇ ನೋಡಿದೆ. ಹ್ಯಾಂಡಲ್ ಹೊಡೆದರೆ ಕಿಡಿ ನೀಲಿ! ಚಟ್ ಚಟ್ ಅಂತ ಸದ್ದು ಕೇಳುತ್ತದೆ. ಸೆಲ್ಫ್ ತುಳಿದರೆ ಮಾತ್ರ ಹಳದಿ, ಎಂಜಿನ್ ತಣ್ಣಗಿದ್ದರೂ.

ಕುಂದಗೋಳ ಕಾಕಾ
ಹಾಗಾದರೆ ಕಾಯಿಲ್, ಕಂಡೆನ್ಸರ್ ಮುಟ್ಟಬೇಡ. ಅವು ಗಟ್ಟಿ ಇವೆ.

ಉಣಕಲ್ ಕೆರೆ
ಅದು ಹೇಗೆ? ಕಂಡೆನ್ಸರ್ ಬಿಸಿಯಾದ ಮೇಲೆ ಸಾಯುತ್ತದೆ, ತಣ್ಣಗಿದ್ದಾಗ ಚೆನ್ನಾಗೇ ಇರುತ್ತದೆ. ನನ್ನ ಹಳೆ ಅಂಬಾಸಡರ್ ಇದೇ ಆಟ ಆಡಿತ್ತು. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಬಿಚ್ಚಿ ನೋಡಿ. ಒಂದು ಕಡೆ ಗುಂಡಿ, ಇನ್ನೊಂದು ಕಡೆ ಉಬ್ಬು ಬೆಳೆದಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ.

ಶಿಗ್ಗಾವಿ ಜೀಪಕ್ಕ
ಉಣಕಲ್ ಅಣ್ಣಾ, ನೀವು ಹೇಳಿದ್ದು ಸಾಮಾನ್ಯವಾಗಿ ನಿಜ. ಆದರೆ ಇಲ್ಲಿ ತಣ್ಣಗಿನ ಎಂಜಿನ್‌ನಲ್ಲೇ ಸೆಲ್ಫ್ ತುಳಿದಾಗ ಕಿಡಿ ಹಳದಿ ಇದೆ. ಕಾಕಾ ಕೇಳಿದ ಪ್ರಶ್ನೆ ಅರ್ಧ ಕೆಲಸ ಮುಗಿಸಿತು.

ಕಾಯಿಲ್‌ಗೆ ಹೋಗುವ ಕರೆಂಟ್ ಸೆಲ್ಫ್ ಬೋಲ್ಟಿನಿಂದಲೇ ಕವಲೊಡೆದು ಹೋಗುತ್ತದೆ. ವಾಪಸ್ ಬರುವುದು ಪಾಯಿಂಟ್ ಮೂಲಕ ಬ್ಲಾಕ್‌ಗೆ, ಬ್ಲಾಕಿನಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ. ಸೆಲ್ಫ್ ಕರೆಂಟ್ ಬರುವುದೂ ಅದೇ ದಾರಿ. ಆ ದಾರಿ ಕಟ್ಟಿದ್ದರೆ ಸೆಲ್ಫ್ ಎಳೆಯುವಾಗ ಕಾಯಿಲ್‌ಗೂ ವೋಲ್ಟ್ ಸಿಗುವುದಿಲ್ಲ. ಹ್ಯಾಂಡಲ್ ಹೊಡೆದಾಗ ಸೆಲ್ಫ್ ಎಳೆತವಿಲ್ಲ, ಕಾಯಿಲ್‌ಗೆ ಪೂರ್ತಿ 6 ಸಿಗುತ್ತದೆ, ಕಿಡಿ ನೀಲಿ. ಎರಡು ರೋಗ ಅಲ್ಲ ಸರ್, ಒಂದೇ.

ಗಬ್ಬೂರು ಬೈಪಾಸ್
ಇದನ್ನೇ ಅಲ್ವಾ ನಾನೂ ಹೇಳಿದ್ದು? 12 ಮಾಡಿದರೆ ಒಂದು ವೋಲ್ಟ್ ಕಳೆದರೂ 11 ಉಳಿಯುತ್ತದೆ.

ಬೆಟಗೇರಿ ಡೈನಮೋ
ಉಳಿಯುತ್ತದೆ, ನಿಜ. ಅದರ ಜೊತೆಗೆ ಡೈನಮೋ ಬದಲಿಸಿ, ರೆಗ್ಯುಲೇಟರ್ ಬದಲಿಸಿ, ಬಲ್ಬ್ ಅಷ್ಟೂ ಬದಲಿಸಿ, ಕಾಯಿಲ್ ಬದಲಿಸಿ ಇಲ್ಲವೇ ರೆಸಿಸ್ಟರ್ ಹಾಕಿ, ಪೆಟ್ರೋಲ್ ಗೇಜ್‌ಗೆ ಬೇರೆ ವ್ಯವಸ್ಥೆ ಮಾಡಿ. ಕೇಬಲ್, ಅರ್ಥ್ ಸರಿ ಮಾಡುವ ಕೆಲಸಕ್ಕೆ ಇಷ್ಟೆಲ್ಲಾ ಬೇಕಾ? 6 ವೋಲ್ಟ್ ಸೆಲ್ಫ್‌ಗೆ 12 ಕೊಟ್ಟರೆ ಅದರ ಪಿನಿಯನ್ (ಸಣ್ಣ ಹಲ್ಲಿನ ಚಕ್ರ) ಫ್ಲೈವೀಲ್ ಹಲ್ಲಿಗೆ ಬಡಿದು ರಿಂಗ್ ಗೇರ್ ಕೂಡ ಹಾಳು.

ತಾರಿಹಾಳ ಲೇತ್
ಕೊನೆಯದು ಈ ಗಾಡಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ ಬೆಟಗೇರಿ ಅಣ್ಣಾ. ಬೆಂಡಿಕ್ಸ್ ಇರುವ ಸೆಲ್ಫ್‌ನಲ್ಲಿ ಮೋಟಾರ್ ತಿರುಗಿದ ರಭಸಕ್ಕೆ ಪಿನಿಯನ್ ಹಾರಿ ಬಡಿಯುತ್ತದೆ. ಕಾಲಲ್ಲಿ ತುಳಿಯುವ ಸೆಲ್ಫ್‌ನಲ್ಲಿ ಪೆಡಲ್ ಮೊದಲು ಫೋರ್ಕ್ ಮೂಲಕ ಪಿನಿಯನ್ನನ್ನು ಹಲ್ಲಿಗೆ ಕೂರಿಸುತ್ತದೆ. ಇನ್ನೂ ಒತ್ತಿದ ಮೇಲೆ ಮೇಲಿರುವ ಸ್ವಿಚ್ ತಾಮ್ರಕ್ಕೆ ತಾಗಿ ಕರೆಂಟ್ ಹೋಗುತ್ತದೆ. ಹಲ್ಲಿಗೆ ಏಟು ಕಡಿಮೆ. ಉಳಿದಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ, 6 ಇರಲಿ.

ಅಮರಗೋಳ ಸರ್‌ಗೆ ಒಂದು ಮಾತು. ಆ ಪೆಡಲ್ ಸ್ವಿಚ್ಚಿನ ಒಳಗಿನ ತಾಮ್ರದ ಬಿಲ್ಲೆ ಬಿಚ್ಚಿ ನೋಡಿ. ವರ್ಷಾನುಗಟ್ಟಲೆ ಕಿಡಿ ಹಾರಿ ಕಪ್ಪಗೆ, ಗುಳಿ ಬಿದ್ದಿರುತ್ತದೆ. ಬಿಲ್ಲೆ ತಿರುವಿ ಹಾಕಿದರೆ ಹಿಂಭಾಗ ಹೊಸದರಂತೆ ಇರುವುದುಂಟು. ಹಾಗೇ ಸೆಲ್ಫ್ ಇಳಿಸಿದಾಗ ಬುಶ್ ನೋಡಿ. ಬುಶ್ ಸವೆದರೆ ಆರ್ಮೇಚರ್ ಇಳಿದು ಪೋಲ್‌ಗೆ ಉಜ್ಜುತ್ತದೆ. ಆರ್ಮೇಚರ್ ಮೈಮೇಲೆ ಒಂದೇ ಕಡೆ ಹೊಳೆಯುವ ಗೀರು ಕಂಡರೆ ಅದೇ. ಬಿಸಿಯಾದಾಗ ಇನ್ನೂ ಜಾಸ್ತಿ ಹಿಡಿಯುತ್ತದೆ. ಹೊಸ ಕಂಚಿನ ಬುಶ್ ಹಾಕುವ ಮೊದಲು ಒಂದು ದಿನ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಿ. ಎಣ್ಣೆ ಕುಡಿದ ಮೇಲೆಯೇ ಒತ್ತಿ ಕೂರಿಸಬೇಕು. ಆರ್ಮೇಚರ್ ತುದಿಯ ಕಾಮ್ಯುಟೇಟರ್‌ನ ತಾಮ್ರದ ಪಟ್ಟಿಗಳ ಮಧ್ಯದ ಮೈಕಾ ಸ್ವಲ್ಪ ಕೆರೆದು ತಗ್ಗಿಸಿ.

ಉಣಕಲ್ ಕೆರೆ
ಮೈಕಾ ಕೆರೆಯುವ ವಿಷಯದಲ್ಲಿ ಹುಷಾರ್. ಡೈನಮೋಗೆ ಕೆರೆಯಬೇಕು. ಲೂಕಾಸ್ ಸೆಲ್ಫ್‌ಗೆ ಕೆರೆಯಬಾರದು ಅಂತ ಅವರ ಮ್ಯಾನುಯಲ್‌ನಲ್ಲೇ ಇದೆ.

ತಾರಿಹಾಳ ಲೇತ್
ಲೂಕಾಸ್ ಬರುವುದು ಬೆಡ್‌ಫೋರ್ಡ್, ಅಂಬಾಸಡರ್ ತರಹದ ಇಂಗ್ಲಿಷ್ ವಂಶದ ಗಾಡಿಗೆ. ಫಾರ್ಗೋ ಅಮೆರಿಕದ ಕ್ರೈಸ್ಲರ್ ಮನೆತನ, ಇದರಲ್ಲಿ ಆಟೋ-ಲೈಟ್ ಸೆಲ್ಫ್. ಆದರೂ ಸೆಲ್ಫ್ ಮೇಲಿನ ತಗಡಿನ ಪಟ್ಟಿ ಓದಿಯೇ ಕೈ ಹಾಕಿ, ಹಳೆ ಗಾಡಿಗಳಲ್ಲಿ ಯಾರು ಯಾವುದನ್ನು ತಂದು ಕೂರಿಸಿದ್ದಾರೋ. ಒಂದಂತೂ ಖಚಿತ, ಕಾಮ್ಯುಟೇಟರ್‌ಗೆ ಎಮರಿ ಉಜ್ಜಬೇಡಿ, ಅದರ ಪುಡಿ ಮಧ್ಯೆ ಸಿಕ್ಕಿ ಶಾರ್ಟ್ ಆಗುತ್ತದೆ. ನಯವಾದ ಸ್ಯಾಂಡ್ ಪೇಪರ್ ಸಾಕು.

ನವನಗರ ಹುಡುಗ
ಫಾರ್ಗೋ, ಡಾಡ್ಜ್ ಎರಡೂ ಒಂದೇನಾ?

ಕುಂದಗೋಳ ಕಾಕಾ
ಒಂದೇ ಗಾಡಿ, ಮುಂದಿನ ಹೆಸರು ಬೇರೆ. ಮುಂಬೈ ಕುರ್ಲಾದ ಪ್ರೀಮಿಯರ್ ಫ್ಯಾಕ್ಟರಿಯಲ್ಲಿ ಎರಡನ್ನೂ ಜೋಡಿಸುತ್ತಿದ್ದರು, ವಾಲಚಂದ್ ಹಿರಾಚಂದ್ ಅವರ ಕಂಪನಿ. ಆಗ ನಮ್ಮ ಧಾರವಾಡ ಜಿಲ್ಲೆಯೂ ಮುಂಬೈ ರಾಜ್ಯದಲ್ಲೇ ಇತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದ್ದು.

ನವನಗರ ಹುಡುಗ
ಹಾಗಾದರೆ ಈ ಲಾರಿಗೆ ವಿಂಟೇಜ್ ನಂಬರ್ ಪ್ಲೇಟ್ ಸಿಗುತ್ತದಾ? 'ವಿಎ' ಅಂತ ಬರುವುದು?

ಹಾವೇರಿ ಕೆಎ-27
2021ರಲ್ಲಿ ಕೇಂದ್ರದ ನಿಯಮ ಬಂತು. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು, ಹೊಸದಾಗಿ ಮಾಡಿಸಲು 20,000 ರೂಪಾಯಿ, 10 ವರ್ಷಕ್ಕೆ ಊರ್ಜಿತ, ಆಮೇಲೆ ನವೀಕರಣಕ್ಕೆ 5,000. ಆದರೆ ಅದು ದ್ವಿಚಕ್ರ ವಾಹನ ಮತ್ತು ಎಂ1 ವರ್ಗಕ್ಕೆ, ಅಂದರೆ ಕಾರು ಜೀಪಿಗೆ. ಲಾರಿ ಎನ್ ವರ್ಗ. ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಹುಬ್ಬಳ್ಳಿ ಹತ್ತಿ ಹೊತ್ತು ಈ ಊರುಗಳ ಪೇಟೆ ಬೆಳೆಸಿದ್ದು ಲಾರಿಗಳು. ಶ್ರೀಮಂತರ ಮನೆ ಕಾರಿಗೆ ಪಾರಂಪರಿಕ ಗೌರವ, ದುಡಿದ ಲಾರಿಗೆ ಗುಜರಿ ಅಂಗಡಿ.

ಬ್ಯಾಡಗಿ ಲೋಡ್
ಈ ಮಾತಿಗೆ ಮಾತ್ರ ನನ್ನ ಪೂರ್ತಿ ಬೆಂಬಲ. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗದಲ್ಲಿ ಶುರು ಮಾಡಿದ್ದು ಒಂದೇ ಲಾರಿಯಿಂದ. ನಮ್ಮ ಕಡೆಯ ಇತಿಹಾಸ ಬರೆದರೆ ಅದರಲ್ಲಿ ಲಾರಿಗೆ ಒಂದು ಅಧ್ಯಾಯ ಬೇಕೇ ಬೇಕು.

ಬೆಟಗೇರಿ ಡೈನಮೋ
ದಯವಿಟ್ಟು ಸೆಲ್ಫ್‌ಗೆ ವಾಪಸ್ ಬರೋಣ. ಅಳತೆ ಏನಾಯಿತು ಅಮರಗೋಳ ಸರ್?

ಅಮರಗೋಳ ಫಾರ್ಗೋ
ಇವತ್ತು ಇಡೀ ದಿನ ಇದೇ ಕೆಲಸ. ಬ್ಯಾಟರಿ ಸುಮ್ನೆ ಇದ್ದಾಗ 6.3. ಸೆಲ್ಫ್ ತುಳಿದಾಗ ಕಂಬಗಳ ಮಧ್ಯೆ 5.1. ನೆಗೆಟಿವ್ ಕಡೆ ದಾರಿಯಲ್ಲಿ 0.7 ಹೋಗುತ್ತಿದೆ. ಅರ್ಥ್ ಕಡೆ 1.1! ಸೆಲ್ಫ್‌ಗೆ ಸಿಗುತ್ತಿದ್ದದ್ದು ಬರೀ 3.3 ವೋಲ್ಟ್.

ಅರ್ಥ್ ಪಟ್ಟಿ ಚಾಸಿಗೆ ಬಿಗಿದ ಜಾಗ ಬಿಚ್ಚಿದೆ. ಪಟ್ಟಿಯ ತುದಿಯ ಲಗ್ ಅಡಿಯಲ್ಲಿ ಪ್ರೈಮರ್, ಅದರ ಮೇಲೆ ಎರಡು ಕೋಟ್ ಹಸಿರು ಪೇಂಟ್, ಕನ್ನಡಿಯ ಹಾಗೆ ಹೊಳೆಯುತ್ತಿದೆ. ಕರೆಂಟ್ ಹೋಗುತ್ತಿದ್ದದ್ದು ಬೋಲ್ಟಿನ ಹಲ್ಲಿನ ಮೂಲಕ ಮಾತ್ರ. ಎಂಜಿನ್ನಿನಿಂದ ಚಾಸಿಗೆ ಇರಬೇಕಾದ ಹೆಣೆದ ಪಟ್ಟಿ ಇಲ್ಲವೇ ಇಲ್ಲ. ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ಸೆಲ್ಫ್ ಕೂರುವ ಹೌಸಿಂಗ್ ಮುಖಕ್ಕೂ ಪೇಂಟ್ ಬಿದ್ದಿದೆ.

ಶಿಗ್ಗಾವಿ ಜೀಪಕ್ಕ
ಸಿಕ್ಕಿತಲ್ಲ! ವೆಲ್ಡಿಂಗ್ ಕೇಬಲ್ 50 ಅಥವಾ 70 ಸ್ಕ್ವೇರ್ ಎಂಎಂ ತಂದು ಎರಡೂ ಕಡೆ ಮಾಡಿಸಿ. ಲಗ್ ಸುತ್ತಿಗೆಯಲ್ಲಿ ಬಡಿಯಬೇಡಿ, ಸರಿಯಾದ ಕ್ರಿಂಪಿಂಗ್ ಮಷೀನಲ್ಲಿ ಒತ್ತಿಸಿ. ಬ್ಯಾಟರಿಯ ಅರ್ಥ್ ಕೇಬಲನ್ನು ಚಾಸಿಗಿಂತ ನೇರವಾಗಿ ಸೆಲ್ಫ್ ಬೋಲ್ಟಿನ ಹತ್ತಿರ ಎಂಜಿನ್‌ಗೇ ಕೊಟ್ಟರೆ ಇನ್ನೂ ಒಳ್ಳೆಯದು. ಅಲ್ಲಿಂದ ಚಾಸಿಗೆ ಬೇರೆ ಪಟ್ಟಿ ಹಾಕಿ. ಜಾಗ ಕೆರೆದು ಬರೀ ಕಬ್ಬಿಣ ಕಾಣಲಿ, ಬಿಗಿದ ಮೇಲೆ ಹೊರಗೆ ಗ್ರೀಸ್ ಸವರಿ.

ಗಬ್ಬೂರು ಬೈಪಾಸ್
8 ವೋಲ್ಟ್ ಬ್ಯಾಟರಿ ಹಾಕಿದರೆ? ಕೆಲವರು ಹಾಕುತ್ತಾರಲ್ಲ.

ಬೆಟಗೇರಿ ಡೈನಮೋ
ಬೇಡ. 8 ಹಾಕಿದರೆ ರೆಗ್ಯುಲೇಟರ್ ಏರಿಸಬೇಕು, ಇಲ್ಲವಾದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದೇ ಇಲ್ಲ. ಏರಿಸಿದರೆ ಬಲ್ಬ್ ಬೇಗ ಹೋಗುತ್ತದೆ, ಪಾಯಿಂಟ್ ಬೇಗ ಸುಡುತ್ತದೆ. ರೋಗ ಹಾಗೇ ಬಿಟ್ಟು ನೋವಿಗೆ ಗುಳಿಗೆ ಕೊಟ್ಟ ಹಾಗೆ.

ಅಮರಗೋಳ ಫಾರ್ಗೋ
ಕೇಬಲ್ ಕೆಲಸ ಆಯಿತು. 70 ಸ್ಕ್ವೇರ್ ಎಂಎಂ. ಹೌಸಿಂಗ್ ಮುಖ ಕೆರೆದಿದ್ದೇನೆ, ಪೆಡಲ್ ಸ್ವಿಚ್ಚಿನ ಬಿಲ್ಲೆ ತಿರುವಿ ಹಾಕಿದ್ದೇನೆ. ಈಗ ಅರ್ಥ್ ಕಡೆ 0.1, ಇನ್ನೊಂದು ಕಡೆ 0.2. ಸೆಲ್ಫ್‌ಗೆ 4.7 ಸಿಗುತ್ತಿದೆ. ಬೆಳಿಗ್ಗೆ ತುಳಿದ ಕೂಡಲೇ ಎದ್ದಿತು, ಸೆಲ್ಫ್ ಹೊಡೆಯುವಾಗಲೂ ಕಿಡಿ ನೀಲಿ.

ಆದರೆ ಬಿಸಿಯಾದ ಮೇಲೆ ಇನ್ನೂ ಒಂದು ತಕರಾರು ಇದೆ. ಮೊದಲಿನಂತೆ ಪೂರ್ತಿ ನಿಲ್ಲುವುದಿಲ್ಲ. ಒಂದು ಸುತ್ತು ತಿರುಗಿ ತಡೆದಂತಾಗಿ ಹಿಂದಕ್ಕೆ ಒದೆಯುತ್ತದೆ, ಆಮೇಲೆ ಮತ್ತೆ ತಿರುಗುತ್ತದೆ.

ಕುಂದಗೋಳ ಕಾಕಾ
ಟೈಮಿಂಗ್ ಮುಂದಿದೆ. ಬಿಸಿ ಇದ್ದಾಗಲೇ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನ ತಂತಿ ಕಿತ್ತು ಅರ್ಥ್ ಮಾಡಿ ಸೆಲ್ಫ್ ಹೊಡಿ. ಸರಾಗವಾಗಿ ತಿರುಗಿದರೆ ಕಿಡಿಯೇ ಬೇಗ ಬಿದ್ದು ಪಿಸ್ಟನ್ನನ್ನು ಹಿಂದೆ ತಳ್ಳುತ್ತಿದೆ ಅಂತ ಅರ್ಥ.

ತಾರಿಹಾಳ ಲೇತ್
ಕಾಕಾ ಹೇಳಿದ್ದು ನೂರಕ್ಕೆ ನೂರು. ಈ ಎಂಜಿನ್‌ನಲ್ಲಿ ಒಂದು ಅನುಕೂಲ ಇದೆ. ಹೆಡ್‌ನಲ್ಲಿ 6ನೇ ಸಿಲಿಂಡರ್ ಮೇಲೆ ಒಂದು ಸಣ್ಣ ಪ್ಲಗ್ ಇದೆ, ಸ್ಪಾರ್ಕ್ ಪ್ಲಗ್ ಅಲ್ಲ. ಅದನ್ನು ಬಿಚ್ಚಿ ಉದ್ದನೆಯ ಕಡ್ಡಿ ಬಿಟ್ಟು ಹ್ಯಾಂಡಲ್‌ನಲ್ಲಿ ನಿಧಾನ ತಿರುಗಿಸಿದರೆ ಪಿಸ್ಟನ್ ಮೇಲೆ ಬಂದದ್ದು ಕೈಗೇ ಗೊತ್ತಾಗುತ್ತದೆ. 1 ಮತ್ತು 6 ಒಟ್ಟಿಗೇ ಮೇಲೆ ಬರುತ್ತವೆ. ಕಡ್ಡಿ ಉದ್ದ ಇರಲಿ, ಒಳಗೆ ಬಿದ್ದರೆ ಹೆಡ್ ಇಳಿಸಬೇಕಾಗುತ್ತದೆ. ಪುಲ್ಲಿ ಮೇಲಿನ ಗುರುತಿಗೆ ಹೊಂದಿಸಿ ನೋಡಿ. ಫೈರಿಂಗ್ ಆರ್ಡರ್ 1-5-3-6-2-4. ಟೈಮಿಂಗ್ ಮುಟ್ಟುವ ಮೊದಲು ಪಾಯಿಂಟ್ ಗ್ಯಾಪ್ 20 ಥೌ, ಅಂದರೆ ಅರ್ಧ ಮಿಲಿಮೀಟರ್ ಮಾಡಿಕೊಳ್ಳಿ. ಗ್ಯಾಪ್ ಬದಲಾದರೆ ಟೈಮಿಂಗೂ ಜರುಗುತ್ತದೆ.

ಉಣಕಲ್ ಕೆರೆ
ಜೊತೆಗೆ ಕಾಯಿಲ್ ತಂತಿ ಅದಲುಬದಲು ಆಗಿದೆಯಾ ನೋಡಿ. ಪಾಸಿಟಿವ್ ಅರ್ಥ್ ಗಾಡಿಯಲ್ಲಿ ಕಾಯಿಲ್‌ನ ಪಾಸಿಟಿವ್ ಡಿಸ್ಟ್ರಿಬ್ಯೂಟರ್ ಕಡೆ ಹೋಗಬೇಕು. ಈಗಿನ ಹುಡುಗರು ರೂಢಿಯಲ್ಲಿ ಉಲ್ಟಾ ಕೊಡುತ್ತಾರೆ. ಗಾಡಿ ಓಡುತ್ತದೆ, ಆದರೆ ಕಿಡಿಗೆ ಜೋರು ಇರುವುದಿಲ್ಲ. ಪರೀಕ್ಷೆ ಸುಲಭ. ಪ್ಲಗ್ ತಂತಿಯನ್ನು ಪ್ಲಗ್ಗಿನಿಂದ ಸ್ವಲ್ಪ ದೂರ ಹಿಡಿದು ಮಧ್ಯೆ ಪೆನ್ಸಿಲ್ ಸೀಸ ಹಿಡಿಯಿರಿ. ಸೀಸದಿಂದ ಪ್ಲಗ್ ಕಡೆಗೆ ಕಿಡಿ ಅರಳಿದರೆ ಸರಿ ಇದೆ. ತಂತಿ ಕಡೆಗೆ ಅರಳಿದರೆ ಉಲ್ಟಾ. ತಂತಿ ಹಿಡಿಯುವುದಕ್ಕೆ ಒಣಗಿದ ಮರದ ಚಿಮಟ ಬೇಕು, ಬರಿಗೈ ಬೇಡ.

ಅಮರಗೋಳ ಫಾರ್ಗೋ
ತಂತಿ ಕಿತ್ತು ನೋಡಿದೆ, ಬಿಸಿ ಎಂಜಿನ್ ಗರಗರ ತಿರುಗಿತು. ಕಡ್ಡಿ ಬಿಟ್ಟು ನೋಡಿದರೆ ಟೈಮಿಂಗ್ ತುಂಬಾ ಮುಂದೆ ಇತ್ತು. ಡಿಸ್ಟ್ರಿಬ್ಯೂಟರ್ ತಿರುಗಿಸಿ ಗುರುತಿಗೆ ತಂದಿದ್ದೇನೆ. ಕಾಯಿಲ್ ಕೂಡ ಉಣಕಲ್ ಅಣ್ಣ ಹೇಳಿದಂತೆ ಉಲ್ಟಾ ಇತ್ತು. ಧಾರವಾಡಕ್ಕೆ ಹೋಗಿ, ಮಧ್ಯಾಹ್ನದ ಬಿಸಿಲಲ್ಲಿ ಅಲ್ಲಿ ನಿಲ್ಲಿಸಿ ಮತ್ತೆ ತುಳಿದೆ. ಎದ್ದಿತು. ರಿವೈಂಡಿಂಗ್ ಬೇಡ, 12 ವೋಲ್ಟೂ ಬೇಡ. ಸೆಲ್ಫ್ ಇಳಿಸಿ ಬುಶ್ ಮಾತ್ರ ಹಾಕಿಸುತ್ತೇನೆ, ಸ್ವಲ್ಪ ಸದ್ದು ಇದೆ. ಕಾಕಾ, ಒಂದು ದಿನ ಅಮರಗೋಳಕ್ಕೆ ಬನ್ನಿ, ನೀವೇ ಓಡಿಸಿ.

ಕುಂದಗೋಳ ಕಾಕಾ
ಬರುತ್ತೇನೆ. ಹ್ಯಾಂಡಲ್ ಗಾಡಿಯಲ್ಲೇ ಇರಲಿ, ಮನೆಯಲ್ಲಿ ಇಡಬೇಡ.

ಬೆಟಗೇರಿ ಡೈನಮೋ
ಸೆಲ್ಫ್ ಇಳಿಸುವಾಗ ಮೊದಲು ಬ್ಯಾಟರಿಯ ಅರ್ಥ್ ಬಿಚ್ಚಿ. ನಿಮ್ಮ ಗಾಡಿಯಲ್ಲಿ ಅದು ಪಾಸಿಟಿವ್. ರೂಢಿಯಂತೆ ನೆಗೆಟಿವ್ ಮೊದಲು ಬಿಚ್ಚಲು ಹೋಗಿ ಪಾನಾ ಚಾಸಿಗೆ ತಾಗಿದರೆ ಅಲ್ಲೇ ವೆಲ್ಡಿಂಗ್ ಆಗುತ್ತದೆ.

ಲಕ್ಷ್ಮೇಶ್ವರ ಬೆಡ್‌ಫೋರ್ಡ್
ನಂದು ಪೆಟ್ರೋಲ್ ಬೆಡ್‌ಫೋರ್ಡ್, 12 ವೋಲ್ಟ್. ನಂದೂ ಬಿಸಿಯಾದ ಮೇಲೆ ಇದೇ ಆಟ. ಹೊಸ ಸೆಲ್ಫ್ ಹುಡುಕುತ್ತಿದ್ದೆ, ಯಾರ ಹತ್ತಿರ ಇದೆ?

ಶಿಗ್ಗಾವಿ ಜೀಪಕ್ಕ
ಹುಡುಕುವುದು ಆಮೇಲೆ. ಮೊದಲು ಮೀಟರ್ ಹಿಡಿದು ಆ ಮೂರು ಅಳತೆ ಹಾಕಿ ಅಣ್ಣಾ. ಇತ್ತೀಚೆಗೆ ಪೇಂಟ್ ಮಾಡಿಸಿದ್ದೀರಾ?

ಲಕ್ಷ್ಮೇಶ್ವರ ಬೆಡ್‌ಫೋರ್ಡ್
ಹೌದ್ರಿ, ಹೋದ ವರ್ಷ. ಪೂರ್ತಿ ಚಾಸಿ.